ಕೋವಿಗೆ ಲೆಕ್ಕವಿದೆ, ಸತ್ತವರಿಗೆ ಹೆಸರಿಲ್ಲ

ವಯನಾಡಿನ ಕಲ್ಪೆಟ್ಟದಲ್ಲಿ ನಿಂತರೆ ಹಳೆಯ ಯುದ್ಧಗಳ ಜಾಗಗಳು ದೂರವೇನಲ್ಲ. ಪೂರ್ವಕ್ಕೆ ಹೋದರೆ ಸುಲ್ತಾನ್ ಬತ್ತೇರಿ. ಆ ಊರಿನ ಹಿಂದಿನ ಹೆಸರು ಗಣಪತಿವಟ್ಟಂ. ಟಿಪ್ಪುವಿನ ಸೈನ್ಯ ಅಲ್ಲಿನ ಕಲ್ಲಿನ ಜೈನ ಬಸದಿಯನ್ನು ಮದ್ದುಗುಂಡು ಇಡುವ ಜಾಗ ಮಾಡಿಕೊಂಡಿತು. ಇಂಗ್ಲಿಷರ ಬಾಯಲ್ಲಿ ಅದು ‘ಸುಲ್ತಾನನ ಬ್ಯಾಟರಿ’ ಆಯಿತು, ಆ ಹೆಸರೇ ಊರಿಗೆ ನಿಂತಿತು. ಉತ್ತರಕ್ಕೆ ಹೋದರೆ ಪನಮರಂ, ಅದರಾಚೆ ಪಳಸ್ಸಿರಾಜನ ಸಮಾಧಿ ಇರುವ ಮಾನಂತವಾಡಿ. ಯಾವ ರಾಜ ಗೆದ್ದ, ಯಾರು ಸೋತ ಎಂಬುದು ಶಾಲೆಯ ಪುಸ್ತಕದಲ್ಲಿದೆ. ಆದರೆ ಆ ಯುದ್ಧಗಳಲ್ಲಿ ಸತ್ತವರು, ಸೆರೆ ಹೋದವರು, ಮನೆ ಕಳೆದುಕೊಂಡವರು ಯಾರು? ಅವರ ನೋವನ್ನು ಬರೆದವರು, ಹಾಡಿದವರು, ಚಿತ್ರಿಸಿದವರು ಯಾರಾದರೂ ಇದ್ದಾರೆಯೇ?

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ಮುಹ್ಯಿದ್ದೀನ್ ಮಾಲೆಯನ್ನು ಕೇಳದ ಬ್ಯಾರಿ ಮನೆ ಹಿಂದಿನ ಕಾಲದಲ್ಲಿ ಅಪರೂಪ. ಅರಬಿ ಮಲಯಾಳದ ಈ ಮಾಲೆ ಪಾಟನ್ನು 1607ರಲ್ಲಿ ರಚಿಸಿದವರು ಕಲ್ಲಿಕೋಟೆಯ ಖಾಝಿ ಮುಹಮ್ಮದ್. ಇದೇ ಖಾಝಿಯವರು ಅರಬಿಯಲ್ಲಿ ಒಂದು ಯುದ್ಧಕಾವ್ಯವನ್ನೂ ಬರೆದಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹೆಸರು ಫತ್ಹುಲ್ ಮುಬೀನ್. 1571ರಲ್ಲಿ ಸಾಮೂದಿರಿಯ ಸೈನ್ಯ ಪೋರ್ಚುಗೀಸರಿಂದ ಚಾಲಿಯಂ ಕೋಟೆಯನ್ನು ವಶಪಡಿಸಿಕೊಂಡ ಕಥೆ ಅದು. ನಾಯರ್ ಪಡೆ, ಮಾಪಿಳ್ಳ ಪಡೆ ಎರಡೂ ಸೇರಿ ಗೆದ್ದ ಯುದ್ಧ. ಸಾಮೂದಿರಿಯನ್ನು ಖಾಝಿಯವರು ಮನಸಾರೆ ಹೊಗಳಿದ್ದಾರೆ.

ಅದು ಗೆಲುವಿನ ಹಾಡು. ಅದೇ ಕಾಲದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಂ ಬರೆದ ತುಹ್ಫತುಲ್ ಮುಜಾಹಿದೀನ್ ಬೇರೆ ರೀತಿಯ ಪುಸ್ತಕ. ಇದನ್ನು ಅವರು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಅರ್ಪಿಸಿದರು. ಹೋರಾಟಕ್ಕೆ ಕರೆ ಕೊಡುವ ಪುಸ್ತಕ ಅದು ಎಂಬುದು ನಿಜ. ಆದರೆ ಅದರ ಕೊನೆಯ ಭಾಗ ಓದಿದರೆ ಸಿಗುವುದು ನಷ್ಟದ ಪಟ್ಟಿ. ಸುಟ್ಟ ಹಡಗುಗಳು, ಸುಟ್ಟ ಮಸೀದಿಗಳು, ಹಜ್ಜಿಗೆ ಹೊರಟವರಿಗೆ ಬಂದ ಅಡ್ಡಿ, ಸಂಕೋಲೆ ಹಾಕಿಸಿಕೊಂಡವರು, ಸೆರೆಯಾದ ಹೆಂಗಸರು, ವ್ಯಾಪಾರ ಕಳೆದುಕೊಂಡು ಬಡವಾದ ಕಡಲತೀರದ ಜನ. ಇನ್ನೊಂದು ವಿಶೇಷವಿದೆ. ಮಖ್ದೂಂ ತಮ್ಮವರ ತಪ್ಪನ್ನೂ ಮುಚ್ಚಿಡುವುದಿಲ್ಲ. ಅಲ್ಲಾಹನ ಅನುಗ್ರಹಕ್ಕೆ ಕೃತಜ್ಞತೆ ಇಲ್ಲದೆ ನಡೆದದ್ದಕ್ಕೇ ಈ ಕಷ್ಟ ಬಂತು ಎನ್ನುತ್ತಾರೆ. ಶತ್ರುವಿನ ಕ್ರೌರ್ಯವನ್ನು ಬರೆಯುವಾಗ ತನ್ನವರ ಕಡೆಗೂ ಬೆರಳು ತೋರಿಸುವ ಧೈರ್ಯ ಎಲ್ಲ ಚರಿತ್ರೆಕಾರರಿಗೂ ಇರುವುದಿಲ್ಲ.

ಪಡಪ್ಪಾಟುಗಳ ವಿಷಯವೂ ಇದೆ. ಕೊಂಡೋಟಿಯ ಮೊಯಿನ್‌ಕುಟ್ಟಿ ವೈದ್ಯರ್ 1876ರಲ್ಲಿ ಬದ್ರ್ ಪಡಪ್ಪಾಟನ್ನು ರಚಿಸಿದರು. ಬದ್ರ್‌ನಲ್ಲಿ ಶಹೀದರಾದವರು 14 ಮಂದಿ, ಮುಹಾಜಿರರಲ್ಲಿ 6, ಅನ್ಸಾರ್‌ಗಳಲ್ಲಿ 8. ಈ 14 ಮಂದಿಯ ಹೆಸರೂ ಉಳಿದಿದೆ. ಯುದ್ಧದಲ್ಲಿ ಭಾಗವಹಿಸಿದ ಎಲ್ಲರ ಹೆಸರನ್ನೂ ಬದ್ರ್ ಮೌಲಿದ್‌ನಲ್ಲಿ ಒಂದೊಂದಾಗಿ ಹೇಳುವ ವಾಡಿಕೆ ನಮ್ಮಲ್ಲಿದೆ. ಚಿಕ್ಕಂದಿನಲ್ಲಿ ಆ ಪಟ್ಟಿ ಉದ್ದವೆನಿಸಿ ನಿದ್ದೆ ಬರುತ್ತದೆ. ದೊಡ್ಡವರಾದ ಮೇಲೆ ಅದರ ಬೆಲೆ ತಿಳಿಯುತ್ತದೆ. ಸತ್ತವನಿಗೆ ಹೆಸರಿದ್ದರೆ ಅವನು ಮನುಷ್ಯನಾಗಿ ಉಳಿಯುತ್ತಾನೆ, ಇಲ್ಲದಿದ್ದರೆ ಒಂದು ಸಂಖ್ಯೆ ಅಷ್ಟೆ.

ಕನ್ನಡ ನಾಡಿನ ವೀರಗಲ್ಲುಗಳೂ ಮಾಡಿದ್ದು ಇದನ್ನೇ. ದನ ಕದ್ದವರನ್ನು ತಡೆಯಲು ಹೋಗಿ ಸತ್ತ ಹಳ್ಳಿಯವನಿಗೂ ಒಂದು ಕಲ್ಲು, ಒಂದು ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರಲ್ಲಿ ನೆಟ್ಟ ಕಲ್ಲಿನಲ್ಲಿ ಒಂದು ನಾಯಿಯ ಹೆಸರು ಕೂಡ ಇದೆ. ಮಣಲೇರನೆಂಬ ವೀರನ ನಾಯಿ ಕಾಳಿ, ಕಾಡುಹಂದಿಯೊಡನೆ ಹೋರಾಡಿ ಸತ್ತಿತು.

ಈಗ ಪನಮರಕ್ಕೆ ಬರೋಣ. 1802ರ ಅಕ್ಟೋಬರ್ 11ರಂದು ಎಡಚ್ಚೇನ ಕುಂಕನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂದು ಪನಮರದ ಕಂಪನಿ ಠಾಣೆಗೆ ನುಗ್ಗಿದರು. ಅಲ್ಲಿ ಸುಮಾರು 70 ಸಿಪಾಯಿಗಳ ಕಾವಲು ಪಡೆ ಇತ್ತು. ವಿಲಿಯಂ ಲೋಗನ್ನನ ಮಲಬಾರ್ ಮ್ಯಾನ್ಯುಯಲ್‌ನಲ್ಲಿ ಈ ಘಟನೆ ಇದೆ. ಸತ್ತ ಇಬ್ಬರು ಇಂಗ್ಲಿಷ್ ಅಧಿಕಾರಿಗಳಾದ ಡಿಕನ್ಸನ್ ಮತ್ತು ಮ್ಯಾಕ್ಸ್‌ವೆಲ್ ಅವರ ಹೆಸರು ಇದೆ. ಕಳೆದುಹೋದ 112 ಕೋವಿ, 6 ಪೆಟ್ಟಿಗೆ ಮದ್ದುಗುಂಡು, 6000 ರೂಪಾಯಿಯ ಲೆಕ್ಕವಿದೆ. ಸಿಪಾಯಿಗಳ ಹೆಸರಿಲ್ಲ. ಅವರು ಮುಂಬಯಿ ಸೈನ್ಯದವರು, ನಮ್ಮ ಹಾಗೆಯೇ ಈ ದೇಶದವರು. ಸಂಬಳಕ್ಕಾಗಿ ದೂರದ ಕಾಡಿಗೆ ಬಂದವರು. ಅವರ ಉಮ್ಮನೋ ಅಮ್ಮನೋ ಎಷ್ಟು ದಿನ ದಾರಿ ಕಾದರು ಎಂದು ಯಾವ ಮ್ಯಾನ್ಯುಯಲ್ ಹೇಳೀತು?

ಎದುರು ಬದಿಯ ಕಥೆಯೂ ಹಾಗೆಯೇ. ಪಳಸ್ಸಿರಾಜ 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ ಮಾವಿಲ ತೋಡಿನ ದಂಡೆಯಲ್ಲಿ ಸತ್ತ. ಬೆನ್ನಟ್ಟಿ ಹೋದ ಸಬ್ ಕಲೆಕ್ಟರ್ ಬೇಬರ್ ಬರೆದ ಪತ್ರದಲ್ಲಿ ರಾಜನ ಶವವನ್ನು ತನ್ನ ಪಲ್ಲಕ್ಕಿಯಲ್ಲಿ, ರಾಣಿಯನ್ನು ಇನ್ನೊಬ್ಬ ಅಧಿಕಾರಿಯ ಪಲ್ಲಕ್ಕಿಯಲ್ಲಿ ಸಾಗಿಸಿದ್ದನ್ನು ಹೇಳುತ್ತಾನೆ. ಶತ್ರುವಿಗೂ ಗೌರವ ಕೊಟ್ಟ ಮಾತು, ಸರಿ. ಆದರೆ ರಾಜನ ಜೊತೆ ಸತ್ತವರನ್ನು ಹೊತ್ತವರು ಯಾರು? 1812ರಲ್ಲಿ ತೆರಿಗೆಯನ್ನು ಹಣದಲ್ಲೇ ಕೊಡಬೇಕೆಂಬ ಒತ್ತಾಯ ತಾಳಲಾರದೆ ಕುರಿಚ್ಯರು ಮತ್ತೆ ದಂಗೆ ಎದ್ದರು. ಆ ದಂಗೆಯಲ್ಲಿ ಬಿದ್ದವರ ಚಿತ್ರ ನಮ್ಮ ಕಣ್ಣಿಗೆ ಬಿದ್ದದ್ದೇ ಇಲ್ಲ. ಕೆ.ಎಂ. ಪಣಿಕ್ಕರ್ 1941ರಲ್ಲಿ ‘ಕೇರಳಸಿಂಹಂ’ ಕಾದಂಬರಿ ಬರೆದರು. 2009ರಲ್ಲಿ ಎಂ.ಟಿ. ವಾಸುದೇವನ್ ನಾಯರ್ ಬರೆದು ಹರಿಹರನ್ ನಿರ್ದೇಶಿಸಿದ ಮಮ್ಮುಟ್ಟಿಯ ಚಿತ್ರ ಬಂತು. ಅದನ್ನು ನೋಡಿದ ಮೇಲೆಯೇ ತಲಕ್ಕಲ್ ಚಂದುವಿನ ಹೆಸರು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಕಥೆ ಹೇಳುವವನು ಮನಸ್ಸು ಮಾಡಿದರೆ ಮರೆತವನೂ ಎದುರು ಬಂದು ನಿಲ್ಲುತ್ತಾನೆ.

ಚಿತ್ರಗಳಲ್ಲಿ ಏನಿದೆ? ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋದವರು ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವನ್ನು ನೋಡಿಯೇ ಇರುತ್ತಾರೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ಸೋಲಿಸಿದ ದೃಶ್ಯ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ, ಮದ್ದಿನ ಗಾಡಿ ಸಿಡಿಯುತ್ತಿದೆ, ತಲೆಗಳು ಉರುಳುತ್ತಿವೆ. ಸಾವನ್ನು ಮುಚ್ಚಿಟ್ಟಿಲ್ಲ. ಆದರೆ ಸಾಲು ಸಾಲು ಸೈನಿಕರಿಗೆ ಹೆಚ್ಚುಕಡಿಮೆ ಒಂದೇ ಮುಖ. ಗೆದ್ದವರು ಬರೆಸಿದ ಚಿತ್ರ ಅದು. ಮುಂದೆ ಗೆದ್ದ ಇಂಗ್ಲಿಷರೂ ಬರೆಸಿದರು. 1792ರ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ರಾಬರ್ಟ್ ಹೋಮ್ ಮೊದಲಾದವರ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ದಯಾಳುವಾದ ತಂದೆಯಂತೆ ಆ ಮಕ್ಕಳನ್ನು ಬರಮಾಡಿಕೊಳ್ಳುತ್ತಾನೆ. ಮಕ್ಕಳನ್ನು ತಾಯಂದಿರಿಂದ ಅಗಲಿಸಿದ್ದು ಆ ಬಣ್ಣಗಳಲ್ಲಿ ಕಾಣುವುದಿಲ್ಲ.

ಇಲ್ಲಿ ನಾವು ಒಂದು ಕಠಿಣ ಮಾತನ್ನೂ ಆಡಬೇಕು. ಟಿಪ್ಪುವಿನ ಹೆಸರು ಬಂದಾಗ ನಮ್ಮವರಲ್ಲಿ ಹಲವರು ಅಭಿಮಾನದಿಂದ ಎದ್ದು ನಿಲ್ಲುತ್ತೇವೆ. ಆ ಮಕ್ಕಳಿಗಾಗಿ ಮರುಗುತ್ತೇವೆ, ಸರಿಯೇ. ಆದರೆ 1784ರಲ್ಲಿ ನಮ್ಮದೇ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಕೊಡವರಿಗೂ ಇಂಥದೇ ನೆನಪುಗಳಿವೆ. ಆ ನೋವು ಇಂದಿಗೂ ನಮ್ಮ ನೆರೆಮನೆಯವರ ಮಾತಿನಲ್ಲಿದೆ. ಅದನ್ನು ರಾಜಕೀಯ ಎಂದು ತಳ್ಳಿಹಾಕುವುದು ಸುಲಭ. ಕುಳಿತು ಕೇಳುವುದು ಕಷ್ಟ. ತನ್ನವರ ತಪ್ಪನ್ನೂ ಬರೆದ ಮಖ್ದೂಂರ ಪುಸ್ತಕ ನಮ್ಮದು ಎನ್ನುವುದಾದರೆ ಆ ಕಷ್ಟದ ಕೆಲಸವೂ ನಮ್ಮದೇ.

ಕಲ್ಪೆಟ್ಟದಿಂದ ಮೇಪ್ಪಾಡಿ ದಾಟಿ ಹೋದರೆ ಪುತ್ತುಮಲ. 2024ರ ಜುಲೈ 30ರ ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಸತ್ತವರ ಪೈಕಿ ಗುರುತು ಸಿಗದವರನ್ನು ಅಲ್ಲಿ ದಫನ್ ಮಾಡಿದರು. ಎಲ್ಲ ಧರ್ಮದವರೂ ಪ್ರಾರ್ಥಿಸಿದರು. ಪ್ರತಿ ಗುಂಡಿಗೂ ಒಂದು ಸಂಖ್ಯೆ. ಆಮೇಲೆ ಡಿಎನ್ಎ ಪರೀಕ್ಷೆಯಿಂದ ಎಷ್ಟೋ ಸಂಖ್ಯೆಗಳು ಹೆಸರಾಗಿ ಬದಲಾದವು. ಅದು ಯುದ್ಧವಲ್ಲ. ಆದರೆ ಒಂದು ಸಂಖ್ಯೆಗೆ ಹೆಸರು ಸಿಕ್ಕಾಗ ಒಂದು ಮನೆಯವರಿಗೆ ಏನು ಸಿಗುತ್ತದೆ ಎಂಬುದನ್ನು ವಯನಾಡಿನ ಜನ ಕಣ್ಣಾರೆ ಕಂಡರು. ಪನಮರದ 70 ಮಂದಿಗೆ ಆ ಭಾಗ್ಯವಿಲ್ಲ.

ನಮ್ಮ ಮನೆಗಳ ಹಿರಿಯರಲ್ಲಿ ಮಾಲೆ ಪಾಟ್, ಪಡಪ್ಪಾಟ್ ಬಾಯಿಗೆ ಬರುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಪಕ್ಕ ಕುಳಿತು ಹಾಡಿಸಿ, ಬರೆದಿಡಿ. ಗೆದ್ದವರ ಹೆಸರು ಬಂದಾಗ ನಿಲ್ಲಿಸಿ ಒಂದು ಮಾತು ಕೇಳಿ: ಇದರಲ್ಲಿ ಸತ್ತವರ ಹೆಸರು ಎಲ್ಲಿ ಬರುತ್ತದೆ?