ಕಲ್ಲೆಣ್ಣೆಯ ಅಭಾವವೂ ಬೆಲೆಯ ಏರಿಕೆಯೂ

ಪದಾರ್ಥವು ವಿರಳವಾದರೆ ಅದರ ಬೆಲೆ ಏರುವುದೆಂಬುದು ಸಂತೆಗೆ ಹೋಗಿಬರುವ ಬಾಲಕನಿಗೂ ತಿಳಿದ ಸಂಗತಿಯೇ. ಆದರೆ ಎಷ್ಟು ವಿರಳವಾದರೆ ಎಷ್ಟು ಏರತಕ್ಕದ್ದೆಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಕ್ರಿ. ಶ. 1973ನೆಯ ಇಸವಿಯ ಕೊನೆಯ ಮೂರು ತಿಂಗಳಲ್ಲಿ, ಕಮ್ಯುನಿಸ್ಟ್ ರಾಷ್ಟ್ರಗಳನ್ನು ಬಿಟ್ಟು ಉಳಿದ ಲೋಕಕ್ಕೆ ದೊರೆಯುತ್ತಿದ್ದ ಕಲ್ಲೆಣ್ಣೆಯಲ್ಲಿ ಕಡಮೆಯಾದುದು ನೂರಕ್ಕೆ ಸುಮಾರು 9 ಪಾಲು ಮಾತ್ರ. ಬೆಲೆಯಾದರೋ ಹೆಚ್ಚುಕಡಮೆ ನಾಲ್ಮಡಿಯಾಯಿತು. ಅದಕ್ಕೆ ಆರು ವರ್ಷ ಮುಂಚೆ, 1967ರಲ್ಲಿ, ಅರಬ್ಬೀ ರಾಷ್ಟ್ರಗಳು ಇದೇ ನಿಷೇಧಾಸ್ತ್ರವನ್ನು ಅಮೆರಿಕಾ ಮೊದಲಾದ ದೇಶಗಳ ಮೇಲೆ ಪ್ರಯೋಗಿಸಿದ್ದುವು. ಆಗ ಅದು ಹುಸಿಯಾಯಿತು. ಅಸ್ತ್ರವು ಒಂದೇ, ಫಲಗಳು ಎರಡು. ಈ ಭೇದಕ್ಕೆ ಕಾರಣವೇನೆಂದು ವಿಚಾರಿಸಿದರೆ ಬೆಲೆಯ ಮರ್ಮವು ಬಹುಮಟ್ಟಿಗೆ ತಿಳಿಯುವುದು.

ಮೊದಲು ಪದಾರ್ಥದ ಸ್ವಭಾವವನ್ನು ನೋಡಬೇಕು. ಬಟ್ಟೆ ತುಟ್ಟಿಯಾದರೆ ಹಳೆಯ ಪಂಚೆಯನ್ನೇ ಇನ್ನೊಂದು ವರ್ಷ ಉಡಬಹುದು. ಎಣ್ಣೆಯ ವಿಷಯ ಹಾಗಲ್ಲ. ಇಂದು ಬೆಲೆ ಏರಿತೆಂದು ನಾಳೆಯೇ ಬಸ್ಸನ್ನು ಎತ್ತಿನಿಂದ ಎಳೆಸಲಾಗದು. ಡೀಸೆಲ್ ಯಂತ್ರದಿಂದ ನೀರೆತ್ತುವ ಒಕ್ಕಲಿಗನು ಕಬ್ಬನ್ನು ಒಣಗಗೊಡಲಾರನು. ಯಂತ್ರಗಳನ್ನು ಬದಲಿಸುವುದಕ್ಕೆ ವರ್ಷಗಳು ಬೇಕು, ಹಸಿವಾದರೋ ಇಂದಿನದು. ನೂರು ಮಂದಿಗೆ ನೂರು ಅಳತೆ ಬೇಕಾಗಿರುವಲ್ಲಿ ತೊಂಬತ್ತೊಂದೇ ಬಂದರೆ, ಒಂಬತ್ತು ಮಂದಿ ತಾವಾಗಿಯೇ ಹಿಂದಕ್ಕೆ ಸರಿಯುವವರೆಗೂ ಬೆಲೆಯು ಏರುತ್ತಲೇ ಹೋಗಬೇಕು. ಬಿಡಲಾರದ ಪದಾರ್ಥವನ್ನು ಬಿಡಿಸುವುದಕ್ಕೆ ಬಹು ಭಾರವಾದ ಬೆಲೆಯೇ ಬೇಕಾಗುವುದು. ಅದನ್ನು ತೆರತಕ್ಕವರು ಒಂಬತ್ತು ಮಂದಿಯಲ್ಲ. ಕೊಳ್ಳುವ ತೊಂಬತ್ತೊಂದು ಮಂದಿಯೂ ಅದೇ ಬೆಲೆಯನ್ನು ತೆರಬೇಕು. ಅಂಗಡಿಯವನು ತೊಟ್ಟಿಯಲ್ಲಿರುವ ಹಳೆಯ ಎಣ್ಣೆಯನ್ನೂ ಹೊಸ ಬೆಲೆಗೇ ಮಾರುವನು. ಏಕೆಂದರೆ ಆ ತೊಟ್ಟಿಯನ್ನು ಮತ್ತೆ ತುಂಬಿಸಲು ಅವನು ಕೊಡಬೇಕಾದುದು ಮುಂದೆ ಬರುವ ಹಡಗಿನ ಬೆಲೆಯನ್ನು. ಇದನ್ನು ಬರಿಯ ಅನ್ಯಾಯವೆಂದು ಬೈಯುವುದು ಸರಿಯಲ್ಲ. ಆದರೆ ಏರುವಾಗ ಕುದುರೆಯಾದ ಬೆಲೆಯು ಇಳಿಯುವಾಗ ಆಮೆಯಾಗುವುದಕ್ಕೆ ಇಷ್ಟು ಒಳ್ಳೆಯ ಸಮಾಧಾನವನ್ನು ಹೇಳುವುದು ಕಷ್ಟ.

ಎಣ್ಣೆಯು ಭೂಮಿಯಲ್ಲಿ ಧಾರಾಳವಾಗಿದ್ದರೂ ಅಭಾವವು ತಲೆದೋರಬಹುದೆಂಬುದಕ್ಕೆ 1956ನೆಯ ಇಸವಿಯು ನಿದರ್ಶನ. ಆ ವರ್ಷದ ಜುಲೈ 26ರಂದು ಈಜಿಪ್ಟಿನ ನಾಸರನು ಸೂಯೆಜ್ ಕಾಲುವೆಯನ್ನು ರಾಷ್ಟ್ರದ ಸ್ವತ್ತೆಂದು ಸಾರಿದನು. ಇಸ್ರೇಲು, ಇಂಗ್ಲೆಂಡು, ಫ್ರಾನ್ಸುಗಳು ಅವನ ಮೇಲೆ ದಂಡೆತ್ತಿ ಹೋದಾಗ ಅವನು ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನು ಕಟ್ಟಿದನು. ಇರಾಕಿನ ಎಣ್ಣೆಯನ್ನು ಸಮುದ್ರಕ್ಕೆ ತರುತ್ತಿದ್ದ ಕೊಳವೆಯ ಯಂತ್ರಾಗಾರಗಳನ್ನು ಸಿರಿಯಾದಲ್ಲಿ ಸ್ಫೋಟಿಸಿಬಿಟ್ಟರು. ಪಾರಸೀಕ ಕೊಲ್ಲಿಯಿಂದ ಇಂಗ್ಲೆಂಡಿಗೆ ಕಾಲುವೆಯ ಮೂಲಕ ಸುಮಾರು 6,500 ಮೈಲಿ; ಆಫ್ರಿಕದ ದಕ್ಷಿಣ ಭೂಶಿರವನ್ನು ಬಳಸಿ ಹೋದರೆ ಸುಮಾರು 11,000 ಮೈಲಿ. ಬಾವಿಗಳು ಬತ್ತಿರಲಿಲ್ಲ, ಆದರೆ ಹೋಗಿಬರುವ ದಾರಿ ಉದ್ದವಾದುದರಿಂದ ಇದ್ದ ಹಡಗುಗಳೇ ಸಾಲದಾದುವು, ಹಡಗಿನ ಬಾಡಿಗೆ ಏರಿತು. ಇಂಗ್ಲೆಂಡಿನಲ್ಲಿ ಡಿಸೆಂಬರಿನಿಂದ ಮುಂದಿನ ಮೇ ತಿಂಗಳವರೆಗೆ ಪೆಟ್ರೋಲನ್ನು ಚೀಟಿಯ ಮೇಲೆ ಅಳೆದು ಕೊಡಬೇಕಾಯಿತು. ಆದರೂ ಐರೋಪ್ಯರು ಆ ಚಳಿಗಾಲವನ್ನು ಕಳೆದರು. ಅವರನ್ನು ಕಾಪಾಡಿದುದು ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಎಣ್ಣೆ.

ಅಮೆರಿಕಾದಲ್ಲಿ ಹಾಗೆ ಕಳುಹಿಸಲು ಎಣ್ಣೆ ಮಿಕ್ಕಿದುದು ಹೇಗೆ? ಆ ಕಥೆಯು ವಿಚಿತ್ರವಾದುದು. 1930ರ ಅಕ್ಟೋಬರಿನಲ್ಲಿ ಟೆಕ್ಸಾಸ್ ಸಂಸ್ಥಾನದ ಪೂರ್ವಭಾಗದಲ್ಲಿ ಅಪಾರವಾದ ಎಣ್ಣೆಯ ನಿಧಿಯೊಂದು ದೊರೆಯಿತು. ಹೊಲವಿದ್ದವರೆಲ್ಲರೂ ಬಾವಿ ತೋಡಿದರು. ನೆರೆಯವನು ಹೀರುವ ಮುಂಚೆ ತಾನು ಹೀರಬೇಕೆಂಬ ಆತುರದಲ್ಲಿ ಎಣ್ಣೆಯು ಹೊಳೆಯಾಗಿ ಹರಿದು, 1931ರಲ್ಲಿ ಅದರ ಬೆಲೆಯು ಪೀಪಾಯಿಯೊಂದಕ್ಕೆ 10 ಸೆಂಟಿಗೆ ಇಳಿಯಿತು. ಆಗಸ್ಟಿನಲ್ಲಿ ಸಂಸ್ಥಾನದ ಗವರ್ನರನು ಸೈನ್ಯವನ್ನು ಕಳುಹಿಸಿ ಬಾವಿಗಳನ್ನು ಮುಚ್ಚಿಸಬೇಕಾಯಿತು. ತರುವಾಯ ಯಾವ ಬಾವಿಯಿಂದ ಎಷ್ಟು ತೆಗೆಯಬಹುದೆಂಬುದನ್ನು ಗೊತ್ತುಮಾಡುವ ಅಧಿಕಾರವು ಟೆಕ್ಸಾಸಿನ ರೈಲ್ವೆ ಕಮಿಷನ್ನಿನ ಕೈಯಲ್ಲಿ ನೆಲೆನಿಂತಿತು. 1891ರಲ್ಲಿ ರೈಲು ದಾರಿಗಳ ವಿಚಾರಣೆಗಾಗಿ ಹುಟ್ಟಿದ ಸಭೆಯೊಂದು ಹೀಗೆ ಲೋಕದ ಎಣ್ಣೆಯ ಬೆಲೆಗೆ ಒಡೆಯನಾಯಿತು! 1960ರ ಸುಮಾರಿಗೆ ಅದು ಬಾವಿಗಳಿಗೆ ಅವುಗಳ ಶಕ್ತಿಯ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ತೆಗೆಯಲು ಮಾತ್ರ ಅಪ್ಪಣೆ ಕೊಡುತ್ತಿದ್ದುದುಂಟು. ಬಾವಿಯ ಒಡೆಯರಿಗೆ ಬೆಲೆ ಇಳಿಯದಂತೆ ನೋಡಿಕೊಳ್ಳುವುದೇ ಇದರ ಫಲವಾಗಿತ್ತು. ಪರೋಪಕಾರದ ಸಂಕಲ್ಪವೇನೂ ಇದರಲ್ಲಿ ಇರಲಿಲ್ಲ. ಆದರೆ ಸ್ವಾರ್ಥಕ್ಕಾಗಿ ತಡೆದಿರಿಸಿದ ಆ ಶಕ್ತಿಯೇ ಆಪತ್ಕಾಲದಲ್ಲಿ ಸರ್ವರ ಕಣಜವಾಯಿತು.

1967ರ ಜೂನ್ ತಿಂಗಳಲ್ಲಿ ಇಸ್ರೇಲಿನೊಡನೆ ಯುದ್ಧವಾದಾಗ ಅರಬ್ಬೀ ರಾಷ್ಟ್ರಗಳು ಅಮೆರಿಕಾ, ಇಂಗ್ಲೆಂಡು, ಪಶ್ಚಿಮ ಜರ್ಮನಿಗಳಿಗೆ ಎಣ್ಣೆಯನ್ನು ನಿಲ್ಲಿಸಿದುವು. ಕಾಲುವೆಯು ಮತ್ತೆ ಮುಚ್ಚಿತು. ಅದು ತೆರೆದುದು ಎಂಟು ವರ್ಷಗಳ ಮೇಲೆ, 1975ರಲ್ಲಿ. ಅಷ್ಟಾದರೂ ಅನರ್ಥವೇನೂ ಸಂಭವಿಸಲಿಲ್ಲ. ಅಮೆರಿಕಾದ ಬಾವಿಗಳು ದಿನಕ್ಕೆ ಸುಮಾರು 10 ಲಕ್ಷ ಪೀಪಾಯಿಯಷ್ಟು ಹೆಚ್ಚಾಗಿ ಕೊಟ್ಟುವು. ನಷ್ಟಪಟ್ಟವರು ಮಾರದೆ ಕುಳಿತ ಅರಬ್ಬರೇ. ಸೆಪ್ಟೆಂಬರ್ 1ರಂದು ಖಾರ್ಟೂಮಿನ ಸಭೆಯಲ್ಲಿ ಅವರು ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡರು. ಪಾಶ್ಚಾತ್ಯರು ಇದರಿಂದ ಕಲಿತ ಪಾಠವು ತಪ್ಪಾದ ಪಾಠ. ಅಸ್ತ್ರವೇ ಮೊಂಡೆಂದು ಅವರು ತಿಳಿದರು. ಕವಚವೊಂದು ತಮ್ಮ ಮೈಮೇಲಿತ್ತೆಂಬುದನ್ನು ಗಣಿಸಲಿಲ್ಲ.

ಆ ಕವಚವು ಸದ್ದಿಲ್ಲದೆ ಕರಗಿತು. ಅಮೆರಿಕಾದ ಬಾವಿಗಳ ಉತ್ಪತ್ತಿಯು 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಪೀಪಾಯಿಗೆ ಏರಿ ಅಲ್ಲಿಂದ ಇಳಿಮುಖವಾಯಿತು. ಮೋಟಾರುಗಳ ದಾಹವು ಮಾತ್ರ ಬೆಳೆಯುತ್ತಲೇ ಇತ್ತು. 1972ರ ಮಾರ್ಚಿಯಲ್ಲಿ ಮೇಲೆ ಹೇಳಿದ ರೈಲ್ವೆ ಕಮಿಷನ್ನು ಟೆಕ್ಸಾಸಿನ ಬಾವಿಗಳಿಗೆ ಪೂರ್ಣಶಕ್ತಿಯಿಂದ ತೆಗೆಯಲು ಅಪ್ಪಣೆ ಕೊಟ್ಟಿತು. ತಡೆದಿರಿಸುವುದಕ್ಕೆ ಇನ್ನು ಏನೂ ಇಲ್ಲವೆಂಬುದೇ ಅದರ ಅರ್ಥ. ಲೋಕದ ಕಣಜದ ತಳ ಕಂಡುದು ಅಂದೇ. ಮುಂದಿನ ವರ್ಷದ ಯುದ್ಧಕ್ಕೆ ಚರಿತ್ರಕಾರರು ಕೊಡುವ ಪ್ರಾಧಾನ್ಯದಲ್ಲಿ ಅರ್ಧವನ್ನಾದರೂ ಈ ಅಪ್ಪಣೆಗೆ ಕೊಡಬೇಕು.

1973ರ ಅಕ್ಟೋಬರ್ 6ರಂದು ಯುದ್ಧವು ತೊಡಗಿತು. 16ರಂದು ಕೊಲ್ಲಿಯ ಸುತ್ತಣ ರಾಷ್ಟ್ರಗಳ ಮಂತ್ರಿಗಳು ಕುವೈತಿನಲ್ಲಿ ಕೂಡಿ, 3 ಡಾಲರು 1 ಸೆಂಟು ಇದ್ದ ಘೋಷಿತ ಬೆಲೆಯನ್ನು 5 ಡಾಲರು 11 ಸೆಂಟಿಗೆ ಏರಿಸಿದರು. ಮರುದಿನ ಅರಬ್ಬೀ ಮಂತ್ರಿಗಳು ಉತ್ಪತ್ತಿಯನ್ನು ತಿಂಗಳು ತಿಂಗಳಿಗೆ ನೂರಕ್ಕೆ 5ರಂತೆ ಕಡಮೆಮಾಡಲು ನಿಶ್ಚಯಿಸಿದರು. 20ರಂದು ಸೌದಿ ಅರೇಬಿಯಾವು ಅಮೆರಿಕಾಕ್ಕೆ ಎಣ್ಣೆಯನ್ನು ಪೂರ್ತಿಯಾಗಿ ನಿಲ್ಲಿಸಿತು. ಡಿಸೆಂಬರಿನ ಹೊತ್ತಿಗೆ ದಿನಕ್ಕೆ ಸುಮಾರು 44 ಲಕ್ಷ ಪೀಪಾಯಿ ಕಡಮೆಬಿದ್ದಿತು. ಈ ಸಲ ಅದನ್ನು ತುಂಬಿಕೊಡಬಲ್ಲ ಬಾವಿಯು ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಇರಾನ್ ದೇಶವು ಅರಬ್ಬೀ ರಾಷ್ಟ್ರವಲ್ಲ, ನಿಷೇಧದಲ್ಲಿ ಸೇರಿರಲೂ ಇಲ್ಲ. ಅದು ಡಿಸೆಂಬರಿನಲ್ಲಿ ತನ್ನ ಎಣ್ಣೆಯನ್ನು ಹರಾಜಿಗಿಟ್ಟಾಗ ಪೀಪಾಯಿಗೆ 17 ಡಾಲರಿಗೂ ಮೇಲೆ ಕೂಗಿದವರುಂಟು. ಆ ಹರಾಜಿನ ಕೂಗೇ ಬೆಲೆಗೆ ಪ್ರಮಾಣವಾಯಿತು. ತೆಹರಾನಿನಲ್ಲಿ ಕೂಡಿದ ಮಂತ್ರಿಗಳು 1974ರ ಜನವರಿ 1ರಿಂದ ಬೆಲೆಯನ್ನು 11 ಡಾಲರು 65 ಸೆಂಟೆಂದು ಗೊತ್ತುಮಾಡಿದರು. ಮಾರ್ಚಿಯಲ್ಲಿ ನಿಷೇಧವು ನಿಂತಿತು. ಬೆಲೆಯು ಹಳೆಯ ಮಟ್ಟಕ್ಕೆ ಹಿಂದಿರುಗಲಿಲ್ಲ.

ಭಾರತವು ಆ ವಿವಾದದಲ್ಲಿ ಅರಬ್ಬರ ಪಕ್ಷವನ್ನು ಹಿಡಿದಿತ್ತು. ನಿಷೇಧದ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಆದರೂ ತನಗೆ ಬೇಕಾದ ಎಣ್ಣೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊರಗಿನಿಂದ ಕೊಳ್ಳಬೇಕಾಗಿದ್ದ ಈ ದೇಶವು ಶತ್ರುವಿಗೆ ವಿಧಿಸಿದ ಬೆಲೆಯನ್ನೇ ಮಿತ್ರನಾಗಿ ತೆತ್ತಿತು. ಹಡಗಿಗೆ ದಾರಿಯನ್ನು ತಪ್ಪಿಸಬಹುದು, ಬೆಲೆಗೆ ದೇಶಭೇದವನ್ನು ಕಲಿಸಲಾಗದು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಆ ನವೆಂಬರ್ ತಿಂಗಳಲ್ಲಿಯೇ ದೇಶದಲ್ಲಿ ಪೆಟ್ರೋಲಿನ ಬೆಲೆಯು ಥಟ್ಟನೆ ಏರಿತು. ಅದನ್ನು ಪ್ರತಿಭಟಿಸಿ ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಲೋಕಸಭೆಗೆ ಬಂದರು. ಮೋಟಾರಿಲ್ಲದ ಬಡವನಿಗೂ ಬಿಡುಗಡೆಯಿರಲಿಲ್ಲ. ಗುಡಿಸಲಿನ ಬುಡ್ಡಿದೀಪಕ್ಕೆ ಸೀಮೆಯೆಣ್ಣೆ ಬೇಕು; ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದಲ್ಲಿ ಬಹುಭಾಗವು ಕಲ್ಲೆಣ್ಣೆಯಿಂದ ಬಂದ ನ್ಯಾಫ್ತಾದಿಂದಲೇ ಆಗುತ್ತಿದ್ದಿತು.

ಅಭಾವಕ್ಕಿಂತ ಅಭಾವದ ಭಯವೇ ಬಲವತ್ತರವೆಂಬುದಕ್ಕೆ 1979ನೆಯ ಇಸವಿ ಸಾಕ್ಷಿ. ಇರಾನಿನ ಕ್ರಾಂತಿಯಲ್ಲಿ ಕೂಲಿಗಾರರು ಕೆಲಸವನ್ನು ನಿಲ್ಲಿಸಿ, 1978ರ ಡಿಸೆಂಬರ್ ಕೊನೆಗೆ ಆ ದೇಶದಿಂದ ಎಣ್ಣೆ ಹೊರಡುವುದೇ ನಿಂತಿತು. ಬೇರೆ ದೇಶಗಳವರು ಹೆಚ್ಚಾಗಿ ತೆಗೆದುದನ್ನು ಕಳೆದರೆ ನಿಜವಾದ ಕೊರತೆಯು ನೂರಕ್ಕೆ ನಾಲ್ಕೈದು ಪಾಲಿಗಿಂತ ಮೀರಲಿಲ್ಲ. ಆದರೆ 1973ನ್ನು ಮರೆಯದಿದ್ದ ಕಂಪೆನಿಗಳೂ ಸರ್ಕಾರಗಳೂ ನಾಳೆಗಿರಲೆಂದು ಇಂದೇ ಕೊಂಡು ತುಂಬಿಸತೊಡಗಿದುವು. ಅಮೆರಿಕಾದ ಗೃಹಸ್ಥನು ಅರ್ಧ ತುಂಬಿದ ಮೋಟಾರನ್ನೇ ಪೆಟ್ರೋಲ್ ಅಂಗಡಿಯ ಸಾಲಿನಲ್ಲಿ ನಿಲ್ಲಿಸಿ, ಕಾಯುತ್ತ ಕಾಯುತ್ತ ಎಣ್ಣೆಯನ್ನು ಸುಟ್ಟನು. ಇಂಥ ವೇಳೆ ಕೊರತೆಯು ಕೊಳ್ಳುವವನ ಕೈಯಿಂದಲೇ ಇಮ್ಮಡಿಯಾಗುವುದು. ಮರುವರ್ಷ ಇರಾನಿಗೂ ಇರಾಕಿಗೂ ಯುದ್ಧವಾಯಿತು. ಸುಮಾರು 13 ಡಾಲರಿದ್ದ ಬೆಲೆಯು 1981ರ ಹೊತ್ತಿಗೆ 34ಕ್ಕೆ ಮುಟ್ಟಿತು.

ಇದಕ್ಕೆ ವಿಪರ್ಯಾಸವಾದುದು 1990ರ ಪ್ರಸಂಗ. ಆಗಸ್ಟ್ 2ರಂದು ಇರಾಕು ಕುವೈತನ್ನು ಆಕ್ರಮಿಸಿತು. ಎರಡು ದೇಶಗಳದೂ ಸೇರಿ ದಿನಕ್ಕೆ 40 ಲಕ್ಷ ಪೀಪಾಯಿಗೆ ಮಿಕ್ಕಿದ ಎಣ್ಣೆಯು ಪೇಟೆಯಿಂದ ಮಾಯವಾಯಿತು. ಅಕ್ಟೋಬರಿನಲ್ಲಿ ಬೆಲೆಯು 40 ಡಾಲರನ್ನು ದಾಟಿತು. ಅದಾಗಲೇ ಬಳಲಿದ್ದ ಭಾರತದ ಬೊಕ್ಕಸವು ಇನ್ನೂ ಬರಿದಾಗಿ, 1991ರಲ್ಲಿ ಚಿನ್ನವನ್ನು ಹೊರದೇಶದಲ್ಲಿ ಒತ್ತೆಯಿಡಬೇಕಾಯಿತು. ಆದರೆ ಈ ಸಲ ಸೌದಿ ಅರೇಬಿಯಾದಲ್ಲಿ ಮಿಗಿಲು ಶಕ್ತಿಯಿದ್ದಿತು. ಪಾಶ್ಚಾತ್ಯ ರಾಷ್ಟ್ರಗಳ ಬಳಿ ಕೂಡಿಟ್ಟ ಎಣ್ಣೆಯೂ ಇದ್ದಿತು. 1991ರ ಜನವರಿ 17ರಂದು ಯುದ್ಧವು ಮೊದಲಾಗಿ, ಸೌದಿಯ ಬಾವಿಗಳಿಗೆ ಅಪಾಯವಿಲ್ಲವೆಂದು ಕಂಡೊಡನೆ, ಒಂದೇ ದಿನದಲ್ಲಿ ಬೆಲೆಯು 10 ಡಾಲರಿಗಿಂತ ಹೆಚ್ಚಾಗಿ ಕುಸಿಯಿತು. ಅಂದು ಕುವೈತಿನ ಬಾವಿಯೊಂದೂ ಮರಳಿ ದೊರೆತಿರಲಿಲ್ಲ, ಹೋದುದು ಭಯವೊಂದೇ.

ಕೂಡಿಡುವ ಈ ಉಪಾಯವು ಹೊಸದಲ್ಲ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗೆಂದು ಮೀಸಲಿರಿಸಬೇಕೆಂದೂ, ಹೊಸದನ್ನು ಸೇರಿಸುತ್ತ ಹಳೆಯದನ್ನು ಬಳಸಬೇಕೆಂದೂ ವಿಧಿಯಿದೆ. ಒಟ್ಟುಗೂಡಿ ಪದಾರ್ಥವನ್ನು ತಡೆಹಿಡಿದು ಮಾರುವ ವರ್ತಕರಿಗೆ ಸಾವಿರ ಪಣದ ದಂಡವೂ ಉಂಟು. ಪಾಶ್ಚಾತ್ಯ ರಾಷ್ಟ್ರಗಳು 1974ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯನ್ನು ಸ್ಥಾಪಿಸಿ, ತಾವು ಹೊರಗಿನಿಂದ ತರಿಸುವ ಎಣ್ಣೆಯಲ್ಲಿ 90 ದಿನಗಳಿಗೆ ಸಾಲುವಷ್ಟನ್ನು ಕೂಡಿಡುವ ಕಟ್ಟಳೆಯನ್ನು ತಂದುಕೊಂಡುವು. ಭಾರತವು ಈ ಕಾರ್ಯಕ್ಕೆ ಕೈಹಾಕಿದುದು ಬಹಳ ತಡವಾಗಿ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ನು, ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಹಿಡಿಯುವ ಗುಹೆಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆದಿದ್ದಾರೆ. ಮೂರರಲ್ಲಿ ಎರಡು ಕಣಜಗಳು ಕನ್ನಡನಾಡಿನ ಕರಾವಳಿಯಲ್ಲಿವೆ. ಅವು ಮೂರೂ ಕಂಠಪೂರ್ತಿ ತುಂಬಿದಾಗ, 2019-20ರ ಬಳಕೆಯ ಲೆಕ್ಕದಂತೆ, ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಲುವುವು.