ಭೂಗತ ಪ್ರಾಚೀನ ಹವಳದ ದಿಬ್ಬಗಳಲ್ಲಿ ಪೆಟ್ರೋಲಿಯಂ ಸಂಚಯ

ಪೀಠಿಕೆ
ಪೆಟ್ರೋಲಿಯಂ ಭೂಗರ್ಭದಲ್ಲಿ ಕೆರೆಯ ನೀರಿನಂತೆ ನಿಂತಿರುತ್ತದೆ ಎಂಬ ಭಾವನೆ ಸಾರ್ವಜನಿಕರಲ್ಲಿ ಉಂಟು. ವಾಸ್ತವವಾಗಿ ಅದು ಶಿಲೆಯ ರಂಧ್ರಗಳಲ್ಲಿ ತುಂಬಿಕೊಂಡಿರುತ್ತದೆ. ಪುರಾತನ ಸಮುದ್ರಗಳ ಹವಳದ ದಿಬ್ಬಗಳು ಇಂತಹ ಶಿಲೆಗಳಲ್ಲಿ ಒಂದು ವಿಧ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದ ಲೆಡೂಕ್ ತೈಲಕ್ಷೇತ್ರವು ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದೆ.

ದಿಬ್ಬಗಳ ರಚನೆ
ಸುಮಾರು 38 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಕಾಲದಲ್ಲಿ, ಈ ಪ್ರದೇಶವನ್ನು ಬೆಚ್ಚನೆಯ ಸಮುದ್ರವು ಆವರಿಸಿತ್ತು. ಸುಣ್ಣದ ಅಸ್ಥಿಪಂಜರವುಳ್ಳ ಸ್ಪಂಜು ವರ್ಗದ ಜೀವಿಗಳು ಹಾಗೂ ಹವಳಗಳು ಒಂದರ ಮೇಲೊಂದು ಬೆಳೆದು ಎತ್ತರದ ದಿಬ್ಬಗಳಾದವು. ಕಾಲಾನಂತರದಲ್ಲಿ ಇವು ಕೆಸರಿನಡಿ ಹೂತುಹೋದವು. ಬಹುಪಾಲು ಸುಣ್ಣಕಲ್ಲು ಡಾಲೊಮೈಟ್ ಶಿಲೆಯಾಗಿ ಮಾರ್ಪಟ್ಟಿತು.

ಸಂಚಯಕ್ಕೆ ಅಗತ್ಯವಾದ ಅಂಶಗಳು
1. ತೈಲಜನಕ ಶಿಲೆ: ಜೈವಿಕ ಪದಾರ್ಥದಿಂದ ತೈಲ ಉತ್ಪತ್ತಿಯಾಗುವ ಪದರ. ಇಲ್ಲಿ ಇದು ಡುವರ್ನೆ ಜೇಡಿಶಿಲೆ.
2. ಸಂಚಯ ಶಿಲೆ: ಪರಸ್ಪರ ಕೂಡಿಕೊಂಡ ರಂಧ್ರಗಳುಳ್ಳ ದಿಬ್ಬ.
3. ಮುಚ್ಚಳ ಶಿಲೆ: ತೈಲವು ಮೇಲೇರಿ ಹೋಗದಂತೆ ತಡೆಯುವ ಐರ್ಟನ್ ಜೇಡಿಶಿಲೆ.
ಇವುಗಳಲ್ಲಿ ಯಾವುದೇ ಒಂದು ಇಲ್ಲದಿದ್ದರೂ ದಿಬ್ಬದಲ್ಲಿ ತೈಲ ಶೇಖರಗೊಳ್ಳುವುದಿಲ್ಲ.

ಶೋಧನೆ
ಇಂಪೀರಿಯಲ್ ಆಯಿಲ್ ಸಂಸ್ಥೆಯು ಪಶ್ಚಿಮ ಕೆನಡಾದಲ್ಲಿ ಕೊರೆದ 133 ಬಾವಿಗಳು ವಿಫಲವಾದ ತರುವಾಯ, 1947ರ ಫೆಬ್ರವರಿ 13ರಂದು ಲೆಡೂಕ್ ಮೊದಲನೆಯ ಬಾವಿಯಲ್ಲಿ ತೈಲ ಚಿಮ್ಮಿತು. ಇದು ದಿಬ್ಬದ ಮೇಲಣ ನಿಸ್ಕು ಪದರದ ತೈಲವಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಎರಡನೆಯ ಬಾವಿಯು ಅದಕ್ಕಿಂತ ಆಳದಲ್ಲಿದ್ದ ದಿಬ್ಬವನ್ನೇ ತಲುಪಿತು. ಎಲ್ಲಿ ಹುಡುಕಬೇಕೆಂಬುದು ತಿಳಿದ ಮೇಲೆ 1948ರಲ್ಲಿ ರೆಡ್‌ವಾಟರ್ ದಿಬ್ಬವೂ ಪತ್ತೆಯಾಯಿತು.

ಅಪಾಯ
ತೈಲವನ್ನು ಧಾರಾಳವಾಗಿ ನೀಡುವ ರಂಧ್ರಗಳೇ ಕೊರೆಯುವವರಿಗೆ ಅಪಾಯಕಾರಿಯೂ ಹೌದು. ಬಾವಿಯೊಳಗಿನ ಒತ್ತಡವನ್ನು ತಡೆಹಿಡಿಯಲು ತುಂಬುವ ಕೆಸರು ರಂಧ್ರಗಳಿಗೆ ಹರಿದುಹೋದಲ್ಲಿ ಬಾವಿಯು ಹತೋಟಿ ತಪ್ಪುತ್ತದೆ. ಲೆಡೂಕ್ ಕ್ಷೇತ್ರದ ಅಟ್ಲಾಂಟಿಕ್ ಮೂರನೆಯ ಬಾವಿಯು 1948ರ ಮಾರ್ಚ್‌ನಲ್ಲಿ ಹೀಗೆ ಸಿಡಿದು, ಹತ್ತು ಲಕ್ಷಕ್ಕೂ ಅಧಿಕ ಬ್ಯಾರೆಲ್ ತೈಲವನ್ನು ಹೊರಚೆಲ್ಲಿತು. ಸೆಪ್ಟೆಂಬರ್‌ನಲ್ಲಿ ಅದಕ್ಕೆ ಬೆಂಕಿಯೂ ತಗುಲಿತು. ಪಕ್ಕದಿಂದ ಓರೆಯಾಗಿ ಕೊರೆದ ಬಾವಿಗಳ ಮೂಲಕ ನೀರು ಹಾಯಿಸಿ ಅದನ್ನು ಹತೋಟಿಗೆ ತರಲಾಯಿತು.

ಇಂದಿನ ಉಪಯೋಗ
ಬರಿದಾಗುತ್ತಿರುವ ದಿಬ್ಬಗಳು ನಿರುಪಯುಕ್ತವಲ್ಲ. ಆಲ್ಬರ್ಟಾದ ಕ್ಲೈವ್ ಕ್ಷೇತ್ರದಲ್ಲಿ 2020ರಿಂದ, ಕಾರ್ಖಾನೆಗಳಲ್ಲಿ ಹಿಡಿದಿಟ್ಟ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಇದೇ ಪದರಗಳಿಗೆ ಸೇರಿಸಿ, ಉಳಿದ ತೈಲವನ್ನು ಹೊರತೆಗೆಯಲಾಗುತ್ತಿದೆ. ಅನಿಲವನ್ನು ಭೂಗರ್ಭದಲ್ಲಿಯೇ ಉಳಿಸುವುದೂ ಈ ಕಾರ್ಯದ ಉದ್ದೇಶವಾಗಿದೆ. ಅಂದು ತೈಲವನ್ನು ಕಾಪಾಡಿದ ಮುಚ್ಚಳ ಶಿಲೆಯೇ ಇಂದು ಅನಿಲವನ್ನೂ ತಡೆಹಿಡಿಯಬೇಕಾಗಿದೆ.