ಯಾವ ಕೆಲಸ ಮೊದಲು? ಲೇತ್ ಯಂತ್ರದ ಮುಂದಿನ ಸರದಿ

ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ 1968ರಲ್ಲಿ ಸ್ಥಾಪನೆಯಾದ ನಮ್ಮ ಹೈದರಾಬಾದಿನ ಬಾಲಾನಗರದಲ್ಲಿ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ತಯಾರಿಸಿಕೊಡುವ ಸಣ್ಣ ಘಟಕಗಳು ಬಹಳ. ಹಲವೆಡೆ ಲೇತ್ ಒಂದು, ಕೆಲಸಗಳು ಹತ್ತು. ಗಡುವು ತಪ್ಪಿದರೆ ಸರ್ಕಾರಿ ಉದ್ಯಮಗಳ ಖರೀದಿ ಆದೇಶಗಳಲ್ಲಿ ವಾರಕ್ಕೆ ಶೇಕಡಾ 0.5ರಂತೆ ದಂಡ ವಿಧಿಸುವುದು ವಾಡಿಕೆ. ಬಿಲ್ಲಿನ ಹಣ ತಡವಾದರೂ ಸಾಲದ ಬಡ್ಡಿ ನಿಲ್ಲದೆಂಬುದನ್ನು ಬ್ಯಾಂಕಿನವರಾದ ನಾವು ಚೆನ್ನಾಗಿ ಬಲ್ಲೆವು.

ಗಡುವು ಮೊದಲು ಬರುವ ಕೆಲಸವನ್ನೇ ಮೊದಲು ಮಾಡಿದರೆ, ಅತಿ ಹೆಚ್ಚು ತಡವಾಗುವ ಕೆಲಸದ ವಿಳಂಬವು ಸಾಧ್ಯವಾದಷ್ಟು ಕಡಿಮೆಯಾಗುವುದೆಂದು ಜೆ. ಆರ್. ಜ್ಯಾಕ್ಸನ್ 1955ರಲ್ಲಿ ತೋರಿಸಿದರು. ತಡವಾಗುವ ಕೆಲಸಗಳ ಸಂಖ್ಯೆಯನ್ನೇ ತಗ್ಗಿಸುವ ವಿಧಾನವನ್ನು ಜೆ. ಎಂ. ಮೂರ್ 1968ರಲ್ಲಿ ಪ್ರಕಟಿಸಿದರು. ಗಡುವಿನ ಕ್ರಮದಲ್ಲಿ ಜೋಡಿಸುತ್ತ ಹೋಗಿ, ಒಂದು ಕೆಲಸ ತಡವಾದೊಡನೆ ಅಲ್ಲಿಯವರೆಗಿನವುಗಳಲ್ಲಿ ಅತಿ ದೀರ್ಘವಾದುದನ್ನು ಕೊನೆಗೆ ತಳ್ಳುವುದೇ ಅದರ ಕ್ರಮ.

5, 3, 2 ದಿನಗಳ ಮೂರು ಕೆಲಸಗಳಿಗೆ ಅನುಕ್ರಮವಾಗಿ 6, 7, 8ನೆಯ ದಿನ ಗಡುವು ಎಂದಿಟ್ಟುಕೊಳ್ಳೋಣ. ಜ್ಯಾಕ್ಸನ್ ಕ್ರಮದಲ್ಲಿ ಎರಡನೆಯದು 1 ದಿನ, ಮೂರನೆಯದು 2 ದಿನ ತಡ. ಮೂರ್ ಅವರ ಕ್ರಮದಲ್ಲಿ ಚಿಕ್ಕವೆರಡೂ ಸಕಾಲಕ್ಕೆ ಮುಗಿದು, 5 ದಿನದ್ದೊಂದೇ 4 ದಿನ ತಡ. ವಾರದ ಭಾಗವನ್ನೂ ಪೂರ್ಣ ವಾರವೆಂದು ಎಣಿಸುವ ಕರಾರಾಗಿದ್ದು, ಮೂರರ ಮೌಲ್ಯವೂ ಸಮವಾಗಿದ್ದರೆ, ದಂಡ ಅರ್ಧವಾಗುತ್ತದೆ. (ಉಳಿ ಬದಲಿಸಿ ಯಂತ್ರವನ್ನು ಅಣಿಗೊಳಿಸುವ ವೇಳೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಹಿಂದೆ ತಳ್ಳಿದ ಕೆಲಸ ಯಾವುದೆಂದು ಮೊದಲ ದಿನವೇ ಗೊತ್ತಿರುವುದರಿಂದ, ಆ ಗಿರಾಕಿಗೆ ಪತ್ರ ಬರೆದು ಗಡುವಿನ ವಿಸ್ತರಣೆ ಕೋರಲು ಇನ್ನೂ ಕಾಲಾವಕಾಶವಿರುತ್ತದೆ.